ಪ್ರಿಂಟರ್‌ಗೆ ಸಬ್ಲಿಮೇಶನ್ ಇಂಕ್ ಹಾಕೋ ಮುಂಚೆ ಇದನ್ನ ಕೇಳಿ

ಇವತ್ತಿನ ಪ್ರಶ್ನೆ ಇದು: ಸಾಧಾರಣ ಇಂಕ್‌ಜೆಟ್ ಪ್ರಿಂಟರ್‌ಗೆ ಸಬ್ಲಿಮೇಶನ್ ಇಂಕ್ ಹಾಕಿ, ಮನೆಯಲ್ಲೇ ಮಗ್, ಟೀ ಶರ್ಟ್ ಪ್ರಿಂಟ್ ಮಾಡಿ ಮಾರಬಹುದಾ?

ಮಾಡಬಹುದು. ಆದ್ರೆ ಪ್ರಿಂಟರ್ ಬದಲಾಯಿಸೋದು ಸುಲಭದ ಕೆಲಸ. ದುಡ್ಡು ಕೈಬಿಟ್ಟು ಹೋಗೋದು ಬಟ್ಟೆ ಆರಿಸೋದ್ರಲ್ಲಿ. ನನಗೆ ಹಾಗೇ ಆಯ್ತು.

ನನ್ನ ಮೊದಲ ಆರ್ಡರ್ ಒಂದು ಕ್ರಿಕೆಟ್ ಟೀಮಿನ 20 ಟೀ ಶರ್ಟ್. ಒಳ್ಳೇ ಬಟ್ಟೆ ಕೊಡೋಣ ಅಂತ ಕಾಟನ್ ತಂದೆ. ಪ್ರೆಸ್‌ನಿಂದ ತೆಗೆದಾಗ ಸ್ವಲ್ಪ ಮಂಕಾಗಿತ್ತು ಅಷ್ಟೆ. ಎರಡು ಸಲ ಒಗೆದ ಮೇಲೆ ಹೆಸರೂ ಇಲ್ಲ, ನಂಬರೂ ಇಲ್ಲ. ಇಪ್ಪತ್ತೂ ವಾಪಸ್ ಬಂದವು.

ಯಾಕೆ ಹೀಗಾಯ್ತು? ಕರ್ಪೂರ ನೆನಪಿಸಿಕೊಳ್ಳಿ. ತೆರೆದಿಟ್ಟರೆ ಅದು ಕರಗಿ ನೀರಾಗಲ್ಲ, ನೇರವಾಗಿ ಆವಿಯಾಗಿ ಹೋಗುತ್ತೆ. ಶಾಲೆಯಲ್ಲಿ ಇದನ್ನೇ ಉತ್ಪತನ ಅಂತ ಓದಿದ್ವಿ. ಈ ಇಂಕಿನ ಬಣ್ಣವೂ ಹಾಗೇ. ಸುಮಾರು 200 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಆವಿಯಾಗುತ್ತೆ. ಅದೇ ಬಿಸಿಗೆ ಪಾಲಿಯೆಸ್ಟರ್ ಎಳೆ ಸಡಿಲವಾಗಿ ಬಣ್ಣವನ್ನ ಒಳಗೆ ಬಿಟ್ಟುಕೊಳ್ಳುತ್ತೆ, ತಣ್ಣಗಾದಾಗ ಅಲ್ಲೇ ಹಿಡಿದಿಡುತ್ತೆ. ಕಾಟನ್ ಎಳೆಗೆ ಈ ಗುಣ ಇಲ್ಲ. ಸಾದಾ ಪಿಂಗಾಣಿ ಮಗ್‌ಗೂ ಇಲ್ಲ. ಅದಕ್ಕೇ ಮೇಲೆ ಪಾಲಿಮರ್ ಕೋಟಿಂಗ್ ಇರೋ ಸಬ್ಲಿಮೇಶನ್ ಮಗ್ಗೇ ಬೇಕು.

ಬಟ್ಟೆ ಯಾವುದು ಅಂತ ಅನುಮಾನ ಇದ್ರೆ ಒಂದು ಎಳೆ ಕಿತ್ತು, ಹುಷಾರಾಗಿ ಸುಟ್ಟು ನೋಡಿ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತೆ. ಕಾಟನ್ ಕಾಗದದ ಥರ ಉರಿದು ಬೂದಿಯಾಗುತ್ತೆ. ಎರಡೂ ಬೆರೆತ ಬಟ್ಟೆಯಲ್ಲಿ ಪಾಲಿಯೆಸ್ಟರ್ ಎಷ್ಟಿದೆಯೋ ಅಷ್ಟಕ್ಕೇ ಬಣ್ಣ ನಿಲ್ಲುತ್ತೆ. ಇನ್ನೊಂದು ವಿಷಯ, ಇದರಲ್ಲಿ ಬಿಳಿ ಇಂಕ್ ಇಲ್ಲ. ಬಟ್ಟೆಯ ಬಿಳಿಯೇ ಬಿಳಿ. ಕಪ್ಪು ಟೀ ಶರ್ಟ್ ಮೇಲೆ ಏನೂ ಕಾಣಲ್ಲ.

ಈಗ ಪ್ರಿಂಟರ್‌ಗೆ ಬರೋಣ. ಎಚ್‌ಪಿ, ಕ್ಯಾನನ್‌ನ ಮನೆ ಬಳಕೆಯ ಇಂಕ್‌ಜೆಟ್‌ಗಳು ಇಂಕನ್ನ ಬಿಸಿ ಮಾಡಿ, ಗುಳ್ಳೆ ಎಬ್ಬಿಸಿ ಹನಿ ಚಿಮ್ಮಿಸುತ್ತವೆ. ಸಬ್ಲಿಮೇಶನ್ ಇಂಕಿಗೆ ಆ ಬಿಸಿ ಹೊಂದಲ್ಲ. ಎಪ್ಸನ್‌ನ ಹೆಡ್‌ನಲ್ಲಿ ಪೀಜೋ ಅನ್ನೋ ಭಾಗ ಇದೆ, ಕರೆಂಟ್ ಕೊಟ್ಟಾಗ ಅದು ಬಾಗಿ ಹನಿಯನ್ನ ತಳ್ಳುತ್ತೆ. ಹೆಚ್ಚಿನವರು ಎಪ್ಸನ್ ಟ್ಯಾಂಕ್ ಪ್ರಿಂಟರ್ ಕೊಳ್ಳೋದು ಅದಕ್ಕೇ.

ಹೊಸ ಪ್ರಿಂಟರ್ ತಂದ್ರೆ ಡಬ್ಬದಲ್ಲಿ ಬಂದ ಇಂಕ್ ಹಾಕಲೇಬೇಡಿ. ಮೊದಲ ಸಲವೇ ಸಬ್ಲಿಮೇಶನ್ ಇಂಕ್ ತುಂಬಿಸಿ. ಹಳೇ ಪ್ರಿಂಟರ್ ಆದ್ರೆ ಟ್ಯಾಂಕು, ಪೈಪು, ಹೆಡ್ಡು ಎಲ್ಲಾ ಪೂರ್ತಿ ತೊಳೀಬೇಕು, ಹಳೇ ಇಂಕ್ ಉಳಿದ್ರೆ ಬಣ್ಣ ಕೆಡುತ್ತೆ. ವಾರಂಟಿ ಆಸೆ ಬಿಟ್ಟುಬಿಡಿ. ಇಂಕ್ ಕಂಪನಿ ಕೊಡೋ ಐಸಿಸಿ ಪ್ರೊಫೈಲ್ ಹಾಕಿಕೊಳ್ಳಿ, ಇಲ್ಲಾಂದ್ರೆ ಮುಖದ ಬಣ್ಣ ಬೇರೆಯಾಗಿ ಬರುತ್ತೆ. ಎರಡು ಮೂರು ದಿನಕ್ಕೊಮ್ಮೆ ಒಂದು ಕಲರ್ ಪೇಜ್ ತೆಗೀರಿ, ಸುಮ್ನೆ ಬಿಟ್ರೆ ನಾಜಲ್ ಕಟ್ಟಿಕೊಳ್ಳುತ್ತೆ.

ಪ್ರಿಂಟ್ ಯಾವಾಗಲೂ ಮಿರರ್ ಮಾಡಿ. ಸಬ್ಲಿಮೇಶನ್ ಪೇಪರ್ ಮೇಲೆ ಬಣ್ಣ ಪೇಲವವಾಗಿ ಕಂಡ್ರೆ ಹೆದರಬೇಡಿ, ಪ್ರೆಸ್ ಆದ ಮೇಲೆ ಎದ್ದು ಕಾಣುತ್ತೆ. ಬಟ್ಟೆಗೆ 190ರಿಂದ 200 ಡಿಗ್ರಿಯಲ್ಲಿ 45ರಿಂದ 60 ಸೆಕೆಂಡ್, ಮಗ್‌ಗೆ ಸುಮಾರು 180 ಡಿಗ್ರಿಯಲ್ಲಿ ಮೂರು ನಿಮಿಷದಿಂದ ಶುರು ಮಾಡಿ, ನಿಮ್ಮ ಮಷೀನಿಗೆ ತಕ್ಕಂತೆ ಹೆಚ್ಚು ಕಡಿಮೆ ಮಾಡಿಕೊಳ್ಳಿ. ಪೇಪರ್ ಅಲುಗಾಡದ ಹಾಗೆ ಹೀಟ್ ಟೇಪ್ ಹಾಕಿ, ಇಲ್ಲಾಂದ್ರೆ ಚಿತ್ರ ಎರಡೆರಡಾಗಿ ಕಾಣುತ್ತೆ. ಕಿಟಕಿ ತೆರೆದಿರಲಿ.

ಗಿರಾಕಿ ಕಾಟನ್ನೇ ಬೇಕು ಅಂದ್ರೆ? ಅದಕ್ಕೆ ಬೇರೆ ಟ್ರಾನ್ಸ್‌ಫರ್ ಪೇಪರ್, ಬೇರೆ ಇಂಕ್ ಇದೆ. ಅಲ್ಲಿ ಚಿತ್ರ ಪದರವಾಗಿ ಬಟ್ಟೆಯ ಮೇಲೆ ಕೂರುತ್ತೆ, ಒಗೀತಾ ಒಗೀತಾ ಬಿರುಕು ಬಿಡಬಹುದು. ಇದನ್ನ ಮೊದಲೇ ಹೇಳಿಬಿಡಿ.

ಈಗ ನಾನು ಒಂದು ಪೀಸ್ ಪ್ರಿಂಟ್ ಮಾಡಿ, ಎರಡು ಸಲ ಒಗೆದು, ಗಿರಾಕಿಗೆ ತೋರಿಸಿ, ಆಮೇಲೇ ಅಡ್ವಾನ್ಸ್ ತಗೊಳ್ಳೋದು. 20 ಟೀ ಶರ್ಟ್ ಕಳಕೊಂಡು ಕಲಿತ ಪಾಠ, ನಿಮಗೆ ಒಂದರಲ್ಲೇ ಮುಗೀಲಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.