ಆಟ ಬಿಟ್ಟ ಆಟಗಾರರು: ಅಮೇರಿಕೆಯ ಬ್ಯಾಸ್ಕೆಟ್‌ಬಾಲ್ ವೃತ್ತಿಯ ಉತ್ತರಾರ್ಧ

೨೦೦೫ನೆಯ ಇಸವಿ ಜೂನ್ ೧ನೆಯ ತಾರೀಖು ಅಮೇರಿಕೆಯ ಅರಿಜೋನಾ ಸಂಸ್ಥಾನದಲ್ಲಿ ಜಾರ್ಜ್ ಮೈಕನ್ ಎಂಬ ವೃದ್ಧರು ತಮ್ಮ ಎಂಬತ್ತನೆಯ ವಯಸ್ಸಿನಲ್ಲಿ ಕಾಲವಾದರು. ಮಧುಮೇಹದ ದೆಸೆಯಿಂದ ಅವರು ಒಂದು ಕಾಲನ್ನು ಕಳೆದುಕೊಂಡಿದ್ದರು. ಅವರ ಉತ್ತರಕ್ರಿಯೆಯ ವೆಚ್ಚವನ್ನು ತಾವು ಕೊಡುವುದಾಗಿ ಮುಂದೆ ಬಂದವರು ಬಂಧುಗಳಲ್ಲ, ಅವರನ್ನು ಸಾಕಿದ ಸಂಸ್ಥೆಯೂ ಅಲ್ಲ. ಅದೇ ಆಟದಲ್ಲಿ ಆಗ ಮೆರೆಯುತ್ತಿದ್ದ ಷಕೀಲ್ ಓನೀಲ್ ಎಂಬ ಆಟಗಾರರು.

ಮೈಕನ್ನರು ಸಾಮಾನ್ಯರಾಗಿರಲಿಲ್ಲ. ಆರಡಿ ಹತ್ತಂಗುಲ ಎತ್ತರದ, ದಪ್ಪ ಕನ್ನಡಕವನ್ನು ಧರಿಸಿಯೇ ಆಡುತ್ತಿದ್ದ ಈ ಮಹಾಕಾಯರು ೧೯೪೯ರಿಂದ ೧೯೫೪ರವರೆಗಿನ ಅವಧಿಯಲ್ಲಿ ಮಿನಿಯಾಪೊಲಿಸ್ ಲೇಕರ್ಸ್ ತಂಡಕ್ಕೆ ಐದು ಸಲ ಜಯಮಾಲೆಯನ್ನು ದೊರಕಿಸಿಕೊಟ್ಟರು. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಭವನದ ಮುಂದಣ ಫಲಕದಲ್ಲಿ ಒಮ್ಮೆ ಅವರ ತಂಡದ ಹೆಸರನ್ನೇ ಬಿಟ್ಟು, ಮೈಕನ್ನರೊಬ್ಬರೇ ನ್ಯೂಯಾರ್ಕ್ ತಂಡವನ್ನು ಎದುರಿಸುವರೋ ಎಂಬಂತೆ ಬರೆದಿದ್ದರು! ಆಟವನ್ನು ಬಿಟ್ಟ ಬಳಿಕ ಅವರು ವಕೀಲಿ ಮಾಡಿದರು; ೧೯೫೬ರಲ್ಲಿ ಪ್ರತಿನಿಧಿ ಸಭೆಯ ಚುನಾವಣೆಗೆ ನಿಂತು ಸೋತರು. ಕಡೆಗಾಲದಲ್ಲಿ ಅವರು ವಾದಿಸುತ್ತಿದ್ದುದು ಒಂದೇ ವ್ಯಾಜ್ಯವನ್ನು: ತಮ್ಮ ಕಾಲದ ಆಟಗಾರರ ಪಿಂಚಣಿಯನ್ನು ಹೆಚ್ಚಿಸಬೇಕೆಂಬುದು.

ಆಟಗಾರನಿಗೆ ಪಿಂಚಣಿ ಏತಕ್ಕೆಂದು ವಾಚಕರು ಕೇಳಬಹುದು. ಈ ಆಟವನ್ನು ವೃತ್ತಿಯಾಗಿ ಹಿಡಿದವರಲ್ಲಿ ಬಹುಮಂದಿ ಐದಾರು ವರ್ಷಗಳಿಗಿಂತ ಹೆಚ್ಚು ಕಾಲ ನಿಲ್ಲಲಾರರು. ದೊಡ್ಡ ಹೆಸರಿನವರಿಗೂ ಮೂವತ್ತೈದು ದಾಟಿತೆಂದರೆ ಮೊಣಕಾಲು ಮಾತು ಕೇಳುವುದಿಲ್ಲ. ಗುಮಾಸ್ತನಾದವನು ಶಿರಸ್ತೇದಾರಿಕೆಯ ಕನಸು ಕಾಣುವ ವಯಸ್ಸಿನಲ್ಲಿ ಇವರ ಉದ್ಯೋಗವೇ ಮುಗಿದಿರುತ್ತದೆ. ಕೋಟ್ಯಂತರ ಡಾಲರುಗಳ ಸಂಬಳವೆಂಬುದು ಈಚಿನ ಮಾತು. ಹಿಂದಿನವರಲ್ಲಿ ಅನೇಕರು ಬೇಸಗೆಯಲ್ಲಿ ಬೇರೆ ಕೆಲಸ ಹುಡುಕಿ ಸಂಸಾರ ನಡೆಸಿದವರು.

ಅವರಿಗೆ ಪಿಂಚಣಿ ಬಂದದ್ದು ಧಣಿಗಳ ಔದಾರ್ಯದಿಂದಲ್ಲ. ೧೯೬೪ರ ಜನವರಿ ೧೪ರ ರಾತ್ರಿ ಬಾಸ್ಟನ್ ನಗರದಲ್ಲಿ ದೇಶದ ಶ್ರೇಷ್ಠ ಆಟಗಾರರೆಲ್ಲರೂ ಕೂಡಿ ಆಡುವ ವಾರ್ಷಿಕ ಪಂದ್ಯವಿದ್ದಿತು. ಟೆಲಿವಿಷನ್ನಿನ ಮೂಲಕ ದೇಶಕ್ಕೆ ದೇಶವೇ ಕಾದು ಕುಳಿತಿತ್ತು. ಬಿಲ್ ರಸೆಲ್, ಆಸ್ಕರ್ ರಾಬರ್ಟ್‌ಸನ್, ಜೆರಿ ವೆಸ್ಟ್ ಮೊದಲಾದವರು ಉಡುಪು ಬದಲಾಯಿಸುವ ಕೋಣೆಯ ಬಾಗಿಲನ್ನು ಮುಚ್ಚಿಕೊಂಡು, ಪಿಂಚಣಿಯ ಬಗೆಗೆ ಮಾತು ಕೊಡುವ ಪರ್ಯಂತ ಅಂಗಣಕ್ಕೆ ಇಳಿಯೆವೆಂದು ಪಟ್ಟು ಹಿಡಿದರು. ತಂಡವೊಂದರ ಮಾಲಿಕರು ತಮ್ಮ ಆಟಗಾರರಿಗೆ ಬೆದರಿಕೆಯ ಸಂದೇಶವನ್ನೂ ಕಳುಹಿಸಿದರು. ಆ ಬೆದರಿಕೆಯು ಸಂಶಯದಲ್ಲಿದ್ದವರನ್ನು ಕೂಡ ಗಟ್ಟಿ ಮಾಡಿತೇ ಹೊರತು ಬೇರೆ ಫಲವನ್ನು ಕೊಡಲಿಲ್ಲ. ಕೊನೆಗೆ ಸಂಘದ ಅಧ್ಯಕ್ಷ ವಾಲ್ಟರ್ ಕೆನಡಿಯವರು ಮಾತು ಕೊಟ್ಟರು, ಆಟ ನಡೆಯಿತು. ಮುಷ್ಕರವೆಂಬುದು ಗಿರಣಿಯ ಕೂಲಿಕಾರರಿಗೆ ಮಾತ್ರ ಸೇರಿದ ಆಯುಧವೆಂದು ತಿಳಿದಿರುವವರು ಈ ರಾತ್ರಿಯನ್ನು ನೆನೆಯತಕ್ಕದ್ದು.

ಆದರೆ ೧೯೬೫ರಲ್ಲಿ ಏರ್ಪಟ್ಟ ಪಿಂಚಣಿ ಅದಕ್ಕೆ ಮೊದಲೇ ಆಟ ಬಿಟ್ಟವರಿಗೆ ಅನ್ವಯಿಸಲಿಲ್ಲ. ಅಡಿಪಾಯ ಹಾಕಿದವರನ್ನೇ ಮನೆಯ ಹೊರಗೆ ನಿಲ್ಲಿಸಿದಂತಾಯಿತು. ಅವರಲ್ಲಿ ಐದು ವರ್ಷ ಆಡಿದ್ದವರಿಗೆ ೧೯೮೮ರಲ್ಲಿ ಬಾಗಿಲು ತೆರೆಯಿತು. ಮೂರು ನಾಲ್ಕು ವರ್ಷ ಆಡಿದ್ದವರು ೨೦೦೭ರವರೆಗೆ ಕಾಯಬೇಕಾಯಿತು. ಮೈಕನ್ನರು ಹೋರಾಡಿದುದು ಈ ಹಿರಿಯರ ಪರವಾಗಿ.

ಪಿಂಚಣಿಯ ಹಂಗಿಲ್ಲದೆ ಬಾಳಿದವರೂ ಉಂಟು. ನ್ಯೂಯಾರ್ಕ್ ತಂಡದ ಬಿಲ್ ಬ್ರಾಡ್ಲಿಯವರು ೧೯೭೭ರಲ್ಲಿ ಆಟವನ್ನು ಬಿಟ್ಟು, ೧೯೭೯ರಿಂದ ಹದಿನೆಂಟು ವರ್ಷ ಸೆನೆಟ್ಟಿನಲ್ಲಿ ಕುಳಿತು, ೧೯೮೬ರ ತೆರಿಗೆ ಸುಧಾರಣೆಗೆ ಕಾರಣರಾದವರಲ್ಲಿ ಒಬ್ಬರೆನಿಸಿಕೊಂಡರು. ಆಕ್ಸ್‌ಫರ್ಡಿನಲ್ಲಿ ಓದಿದವರು; ಅವರ ದಾರಿ ಎಲ್ಲರ ದಾರಿಯಲ್ಲ.

ನಮಗೆ ಹೆಚ್ಚು ಹಿಡಿಸುವುದು ಡೇವ್ ಬಿಂಗ್ ಅವರ ಚರಿತ್ರೆ. ಬಾಲ್ಯದಲ್ಲಿಯೇ ಎಡಗಣ್ಣಿಗೆ ಪೆಟ್ಟು ತಗಲಿತ್ತು, ೧೯೭೧ರಲ್ಲಿ ಬಲಗಣ್ಣಿಗೂ ಅಪಾಯವಾಯಿತು, ಆದರೂ ಆಡಿದರು. ತಾರುಣ್ಯದಲ್ಲಿ ಮನೆ ಕೊಳ್ಳಲು ಸಾಲ ಕೇಳಿದಾಗ ಡೆಟ್ರಾಯಿಟಿನ ಬ್ಯಾಂಕೊಂದು ಇಲ್ಲವೆಂದಿತು. ಬಿಂಗ್ ಅವರು ಮುನಿಸಿಕೊಳ್ಳಲಿಲ್ಲ. ಆಟವಿಲ್ಲದ ತಿಂಗಳುಗಳಲ್ಲಿ ಅದೇ ಬ್ಯಾಂಕಿನಲ್ಲಿ ನೌಕರಿ ಹಿಡಿದು ಲೇವಾದೇವಿಯ ಮರ್ಮವನ್ನು ಕಲಿತರು! ೧೯೭೮ರಲ್ಲಿ ನಿವೃತ್ತರಾಗಿ, ಉಕ್ಕಿನ ಕಂಪನಿಯೊಂದರಲ್ಲಿ ಎರಡು ವರ್ಷ ಕೆಲಸ ಕಲಿತು, ೧೯೮೦ರಲ್ಲಿ ನಾಲ್ವರು ಕೆಲಸಗಾರರೊಡನೆ ಸ್ವಂತ ಉಕ್ಕಿನ ವ್ಯಾಪಾರವನ್ನು ತೆರೆದರು. ಅದು ಬೆಳೆಯಿತು. ೨೦೦೯ರಲ್ಲಿ ಡೆಟ್ರಾಯಿಟ್ ನಗರದ ಮೇಯರಾದರು. ಆಗ ಆ ನಗರದ ಬೊಕ್ಕಸ ಬರಿದಾಗಿದ್ದಿತು. ಸಂಸ್ಥಾನದ ಸರಕಾರವು ೨೦೧೩ರ ಮಾರ್ಚಿಯಲ್ಲಿ ಬೇರೊಬ್ಬ ಆಡಳಿತಾಧಿಕಾರಿಯನ್ನು ಮೇಲೆ ತಂದು ಕೂರಿಸಿತು. ಜುಲೈಯಲ್ಲಿ ನಗರವು ದಿವಾಳಿಯ ಅರ್ಜಿ ಹಾಕಿತು. ಮರುವರ್ಷದ ಇತ್ಯರ್ಥದಲ್ಲಿ ನಗರದ ನಿವೃತ್ತ ನೌಕರರ ಪಿಂಚಣಿಗೂ ಕತ್ತರಿ ಬಿತ್ತು.

ಹೆಚ್ಚು ಗಳಿಸಿದವರೆಲ್ಲರೂ ಉಳಿಸಿಕೊಂಡರೆಂದಲ್ಲ. ಹತ್ತು ಕೋಟಿ ಡಾಲರುಗಳಿಗೂ ಮೀರಿ ಸಂಪಾದಿಸಿದ ಆಂಟ್ವಾನ್ ವಾಕರ್ ಅವರು ೨೦೧೦ರಲ್ಲಿ ದಿವಾಳಿಯಾದರು. ಬಳಿಕ ಎಳೆಯ ಆಟಗಾರರಿಗೆ ಹಣದ ಜೋಪಾನವನ್ನು ಬೋಧಿಸತೊಡಗಿದರೆಂಬುದು ಅವರ ದೊಡ್ಡತನ. ಆದರೆ ಅವರು ಕಳೆದುಕೊಂಡದ್ದು ಕೈಗೆ ಬಂದಿದ್ದುದನ್ನು. ಕೈಗೆ ಬಾರದೆಯೇ ಹೋದವರ ಪಾಡು ಬೇರೆ.

೧೯೬೭ರಲ್ಲಿ ಹಳೆಯ ಸಂಘಕ್ಕೆ ಪ್ರತಿಯಾಗಿ ಅಮೇರಿಕನ್ ಬ್ಯಾಸ್ಕೆಟ್‌ಬಾಲ್ ಅಸೋಸಿಯೇಷನ್ ಎಂಬ ಹೊಸದೊಂದು ಹುಟ್ಟಿತು. ಅದರ ಮೊದಲ ಕಮಿಷನರ್ ನಮ್ಮ ಮೈಕನ್ನರೇ. ಕೆಂಪು, ಬಿಳಿ, ನೀಲಿ ಬಣ್ಣದ ಚೆಂಡನ್ನು ತಂದವರೂ ಅವರೇ. ಒಂಬತ್ತು ವರ್ಷ ಬಾಳಿ ೧೯೭೬ರಲ್ಲಿ ಅದು ಮುಚ್ಚಿತು. ನಾಲ್ಕು ತಂಡಗಳನ್ನು ಹಳೆಯ ಸಂಘವು ಸೇರಿಸಿಕೊಂಡಿತು. ಉಳಿದ ತಂಡಗಳ ಆಟಗಾರರಲ್ಲಿ ಅನೇಕರು ಬೀದಿಪಾಲಾದರು. ಅವರಲ್ಲಿ ಹಲವರು ಔಷಧಕ್ಕೂ ಬಾಡಿಗೆಗೂ ಪರದಾಡಿ ಮುಪ್ಪನ್ನು ಕಳೆದರು, ಅನೇಕರು ತೀರಿಕೊಂಡರು. ೨೦೨೨ರ ಜುಲೈಯಲ್ಲಿ ಹಳೆಯ ಸಂಘವೂ ಅದರ ಆಟಗಾರರ ಒಕ್ಕೂಟವೂ ಕೂಡಿ ಎರಡು ಕೋಟಿ ನಲವತ್ತೈದು ಲಕ್ಷ ಡಾಲರುಗಳನ್ನು ಇದಕ್ಕೆಂದು ಎತ್ತಿಟ್ಟವು. ಆಡಿದ ಒಂದೊಂದು ವರ್ಷಕ್ಕೆ ಸರಾಸರಿ ೩,೮೨೮ ಡಾಲರಿನಂತೆ ವರ್ಷಾಶನವೆಂದು ಗೊತ್ತಾಯಿತು. ನಲವತ್ತಾರು ವರ್ಷಗಳ ತರುವಾಯ ಅದನ್ನು ಪಡೆಯುವುದಕ್ಕೆ ಅರ್ಹರೆಂದು ಲೆಕ್ಕಕ್ಕೆ ಸಿಕ್ಕಿದವರು ಸುಮಾರು ೧೧೫ ಮಂದಿ.