ಮನೆಯಲ್ಲೇ ಮಚ್ಚು, ಕಸಿ ಚಾಕು ತಯಾರಿಕೆ: ಉಕ್ಕಿನ ಆಯ್ಕೆ ಮತ್ತು ಹದ

ತೋಟಗಾರಿಕೆ ಮಾಡುವವರಿಗೆ ಮಚ್ಚು, ಕುಡುಗೋಲು, ಕಸಿ ಚಾಕು ಇಲ್ಲದೆ ದಿನ ಸಾಗದು. ಹಿಂದೆ ಇವನ್ನು ಊರಿನ ಕಮ್ಮಾರರೇ ಮಾಡಿಕೊಡುತ್ತಿದ್ದರು. ಸುಗ್ಗಿಗೆ ಮೊದಲು ಕುಡುಗೋಲಿಗೆ ಕಕ್ಕು ಹಾಕಿಸುವುದು, ಪ್ರತಿಯಾಗಿ ಕಣದಲ್ಲಿ ರಾಗಿ ಅಳೆದು ಕೊಡುವುದು ವಾಡಿಕೆಯಾಗಿತ್ತು. ಈಗ ಅನೇಕ ಊರುಗಳಲ್ಲಿ ಕುಲುಮೆಯ ಬೆಂಕಿ ಆರಿದೆ. ಸಂತೆಯಲ್ಲಿ ಕೊಂಡ ಮಚ್ಚು ನಾಲ್ಕು ಎಳನೀರು ಕೆತ್ತುವುದರೊಳಗೆ ಬಾಯಿ ಮಡಚಿಕೊಳ್ಳುವುದೂ ಉಂಟು. ಆದ್ದರಿಂದ ತಮ್ಮ ಆಯುಧವನ್ನು ತಾವೇ ಏಕೆ ಮಾಡಿಕೊಳ್ಳಬಾರದು ಎಂಬ ಆಸೆ ಕೈಕೆಲಸ ಬಲ್ಲ ರೈತರಲ್ಲಿ ಹುಟ್ಟುವುದು ಸಹಜ.

ಈ ಕೆಲಸಕ್ಕೆ ಅನುಕೂಲವಾದ ಸ್ಥಳಗಳಲ್ಲಿ ಬೆಂಗಳೂರಿನ ಪಶ್ಚಿಮಕ್ಕಿರುವ ಹೆಗ್ಗನಹಳ್ಳಿಯೂ ಒಂದು. ಮಾಗಡಿ ರಸ್ತೆಗೂ ಪೀಣ್ಯಕ್ಕೂ ನಡುವೆ ಇರುವ ಈ ಹಳ್ಳಿ, 1970ರ ದಶಕದ ನಂತರ ಪೀಣ್ಯದ ಕೈಗಾರಿಕೆಗಳು ಬೆಳೆದಂತೆಲ್ಲ ನಗರದೊಳಗೆ ಸೇರಿಹೋಯಿತು. ಇಂದು ಲೇತು, ವೆಲ್ಡಿಂಗು, ಸಾಣೆ ಹಿಡಿಯುವ ಸಣ್ಣ ಸಣ್ಣ ಕಾರ್ಖಾನೆಗಳು ಇಲ್ಲಿನ ಬೀದಿಗಳಲ್ಲಿವೆ. ಊರಿನಲ್ಲಿ ಜಮೀನಿಟ್ಟುಕೊಂಡು ಇಲ್ಲಿ ಯಂತ್ರದ ಮುಂದೆ ದುಡಿಯುವವರು ಅನೇಕರು. ತುಂಡು ಉಕ್ಕು, ಅರ, ಸಾಣೆಕಲ್ಲು ಎಲ್ಲವೂ ಕೈಗೆಟಕುತ್ತವೆ. ಇಷ್ಟಿದ್ದರೂ ಮನೆಯಲ್ಲಿ ಮಾಡಿದ ಮಚ್ಚು ಒಂದೋ ಬಾಗುತ್ತದೆ, ಇಲ್ಲವೇ ಗಾಜಿನಂತೆ ಚೂರಾಗುತ್ತದೆ. ಇದಕ್ಕೆ ಕಾರಣ ಸಾಮಾನ್ಯವಾಗಿ ಎರಡು: ಉಕ್ಕಿನ ಆಯ್ಕೆಯಲ್ಲಿ ತಪ್ಪು ಮತ್ತು ಹದದಲ್ಲಿ ತಪ್ಪು. ಆಕಾರ ಕೊಡುವುದು ತಾಳ್ಮೆಯ ಕೆಲಸ, ಯಾರು ಬೇಕಾದರೂ ಕಲಿಯಬಹುದು.

ಉಕ್ಕಿನ ಆಯ್ಕೆ

ಕಬ್ಬಿಣದಲ್ಲಿ ಸೇರಿರುವ ಇಂಗಾಲವೇ ಅಲಗಿನ ಗಡಸುತನಕ್ಕೆ ಮೂಲ. ನಮ್ಮ ಸೀಮೆಯವರಿಗೆ ಇದು ಹೊಸ ವಿಷಯವೇನಲ್ಲ. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯರು, ಇಂದಿನ ತುಮಕೂರು ಜಿಲ್ಲೆಯ ಚನ್ನರಾಯನದುರ್ಗದ ಸುತ್ತ ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡಿನ ಜೊತೆ ತಂಗಡಿ ಕಡ್ಡಿ ಮತ್ತು ಹಸಿರೆಲೆ ಇಟ್ಟು ಕಾಯಿಸಿ ಉಕ್ಕು ಮಾಡುವುದನ್ನು ಬರೆದಿಟ್ಟಿದ್ದಾರೆ. ಆ ಕಡ್ಡಿ, ಎಲೆ ಸುಟ್ಟು ಕೊಡುತ್ತಿದ್ದುದು ಇಂಗಾಲವನ್ನೇ. ಯೂರೋಪಿನಲ್ಲಿ ಹೆಸರಾದ ‘ವುಟ್ಜ್’ ಎಂಬ ಮಾತು ನಮ್ಮ ‘ಉಕ್ಕು’ ಎಂಬುದರಿಂದಲೇ ಬಂದಿರಬೇಕೆಂದು ಅನೇಕ ವಿದ್ವಾಂಸರ ಅಭಿಪ್ರಾಯ.

ಮನೆ ಕಟ್ಟಿ ಉಳಿದ ಕಂಬಿಯಿಂದ ಮಚ್ಚು ಮಾಡುವ ಪ್ರಯತ್ನ ಬೇಡ. ಟಿ.ಎಂ.ಟಿ. ಕಂಬಿಯಲ್ಲಿ ಇಂಗಾಲ ಸುಮಾರು ಶೇಕಡ 0.3ನ್ನು ಮೀರುವುದಿಲ್ಲ. ಅದರ ಹೊರಪದರದ ಗಡಸು ಕಾರ್ಖಾನೆಯಲ್ಲಿ ನೀರು ಹಾಯಿಸಿದ್ದರಿಂದ ಬಂದದ್ದು. ಬೆಂಕಿಗೆ ಇಟ್ಟೊಡನೆ ಅದೂ ಹೋಗುತ್ತದೆ. ಬಾಗಿಲು, ಕಿಟಕಿಗೆ ಬಳಸುವ ಪಟ್ಟಿಯೂ ಮೆದು ಕಬ್ಬಿಣವೇ.

ಮಚ್ಚು, ಕುಡುಗೋಲಿಗೆ ಜೀಪು ಅಥವಾ ಲಾರಿಯ ಹಳೆಯ ಪ್ಲೇಟು ಸ್ಪ್ರಿಂಗು ಉತ್ತಮ. ಇದರಲ್ಲಿ ಇಂಗಾಲ ಶೇಕಡ 0.5ರಿಂದ 0.6ರಷ್ಟಿದ್ದು, ಗಡಸೂ ಬರುತ್ತದೆ, ಪೆಟ್ಟನ್ನೂ ತಾಳುತ್ತದೆ. ಲಾರಿಯ ಪ್ಲೇಟು ದಪ್ಪವಾದ್ದರಿಂದ ಬಡಿದು ತೆಳುಮಾಡುವ ಶ್ರಮ ಹೆಚ್ಚು; ಜೀಪಿನದು ಸಿಕ್ಕಿದರೆ ಅದನ್ನೇ ಆರಿಸಿ. ಮುರಿದ ಪ್ಲೇಟಾದರೆ ಮುರಿತದ ಹತ್ತಿರದ ಭಾಗವನ್ನೂ ನಟ್ಟಿನ ತೂತಿನ ಸುತ್ತಲ ಭಾಗವನ್ನೂ ಬಿಟ್ಟುಬಿಡಿ. ಅಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ.

ಕಸಿ ಚಾಕುವಿಗೆ ಸುಲಭ ಉಪಾಯವೊಂದಿದೆ. ಕಾರ್ಖಾನೆಗಳಲ್ಲಿ ಹಲ್ಲು ಸವೆದು ಬಿಸಾಡುವ ಪವರ್ ಹ್ಯಾಕ್ಸಾ ಬ್ಲೇಡು ಪೂರ್ತಿ ಹೈಸ್ಪೀಡ್ ಉಕ್ಕಿನದಾಗಿದ್ದರೆ, ಅದಕ್ಕೆ ಕುಲುಮೆಯ ಕೆಲಸವೇ ಬೇಡ. ಈಗಾಗಲೇ ಹದವಾಗಿರುವ ಈ ಉಕ್ಕು 500 ಡಿಗ್ರಿ ಸೆಂಟಿಗ್ರೇಡ್ ಶಾಖಕ್ಕೂ ಮೆದುವಾಗದು. ಬೇಕಾದ ಆಕಾರಕ್ಕೆ ಸಾಣೆ ಹಿಡಿದು, ಹಿಡಿ ಹಾಕಿದರೆ ಸಾಕು. ಆದರೆ ಕೆಲವು ಬ್ಲೇಡುಗಳಲ್ಲಿ ಹಲ್ಲಿನ ಅಂಚು ಮಾತ್ರ ಹೈಸ್ಪೀಡ್ ಉಕ್ಕಾಗಿದ್ದು, ಬೆನ್ನು ಬೇರೆ ಉಕ್ಕಿನದಾಗಿರುತ್ತದೆ. ಸಾಣೆಗೆ ಹಿಡಿದಾಗ ಬೆನ್ನಿನಿಂದಲೂ ಮಂಕಾದ ಕೆಂಪು ಕಿಡಿ ಬಂದರೆ ಪೂರ್ತಿ ಹೈಸ್ಪೀಡ್ ಉಕ್ಕೆಂದು ತಿಳಿಯಬಹುದು. ಮೆದು ಕಬ್ಬಿಣದ ಕಿಡಿ ಉದ್ದವಾಗಿ ನೇರವಾಗಿರುತ್ತದೆ. ಇಂಗಾಲ ಹೆಚ್ಚಿದಷ್ಟೂ ಕಿಡಿ ಪೊದೆಯಂತೆ ಕವಲೊಡೆಯುತ್ತದೆ.

ಸತು ಲೇಪಿಸಿದ ತಗಡು, ಪೈಪುಗಳನ್ನು ಎಂದಿಗೂ ಕುಲುಮೆಗೆ ಹಾಕಬಾರದು. ಅದರ ಬಿಳಿ ಹೊಗೆ ಉಸಿರಿನೊಳಗೆ ಹೋದರೆ ಜ್ವರ, ನಡುಕ ಬರುತ್ತದೆ.

ಆಕಾರ ಕೊಡುವುದು

ಹಳೆಯ ಬ್ರೇಕ್ ಡ್ರಮ್ಮಿನ ತಳಕ್ಕೆ ಪೈಪು ಸೇರಿಸಿ, ಸಣ್ಣ ಬ್ಲೋವರಿನಿಂದ ಗಾಳಿ ಬಿಟ್ಟರೆ ಮನೆಗೆ ಸಾಕಾಗುವ ಕುಲುಮೆಯಾಯಿತು. ತೆಂಗಿನ ಚಿಪ್ಪಿನ ಇದ್ದಲು ಒಳ್ಳೆಯ ಶಾಖ ಕೊಡುತ್ತದೆ. ಬಡಿಯಲು ಗುಜರಿಯ ದಪ್ಪ ಉಕ್ಕಿನ ತುಂಡು ಸಾಕು. ರೈಲು ಕಂಬಿಯ ತುಂಡನ್ನು ಯಾರಾದರೂ ಅಗ್ಗವಾಗಿ ಕೊಡುತ್ತೇನೆಂದರೆ ಅದರ ಮೂಲವನ್ನು ಕೇಳಿ ತಿಳಿಯಿರಿ. ರೈಲ್ವೆಯ ಸ್ವತ್ತು ಅಕ್ರಮವಾಗಿ ಮನೆಯಲ್ಲಿದ್ದರೆ 1966ರ ಕಾಯಿದೆಯಂತೆ ಅಪರಾಧ. ಪ್ಲೇಟನ್ನು ಕೆಂಪಗೆ ಕಾಯಿಸಿ ಬೂದಿಯಲ್ಲಿ ಹುದುಗಿಸಿ ಒಂದು ರಾತ್ರಿ ಬಿಟ್ಟರೆ ಅರಕ್ಕೆ ಬಗ್ಗುವಷ್ಟು ಮೆದುವಾಗುತ್ತದೆ. ನಂತರ ಬಡಿದು, ಅರೆದು ಆಕಾರಕ್ಕೆ ತರಬೇಕು. ಬಾಯನ್ನು ಈ ಹಂತದಲ್ಲಿ ಹರಿತ ಮಾಡದೆ ಸುಮಾರು ಒಂದು ಮಿಲಿಮೀಟರ್ ದಪ್ಪ ಉಳಿಸಿಕೊಳ್ಳಬೇಕು. ತೆಳು ಬಾಯಿ ಅದ್ದುವಾಗ ಸೊಟ್ಟಗಾಗುತ್ತದೆ ಅಥವಾ ಸೀಳುತ್ತದೆ.

ಸಾಣೆ ಯಂತ್ರದ ಮುಂದೆ ಹೆಗಲ ಮೇಲಿನ ಟವೆಲು, ಸಡಿಲ ಪಂಚೆ ಬೇಡ. ಕಣ್ಣಿಗೆ ಕನ್ನಡಕ ಇರಲೇಬೇಕು.

ಹದ

ಹದದಲ್ಲಿ ಎರಡು ಹಂತಗಳಿವೆ. ಮೊದಲನೆಯದು ಗಡಸು ಮಾಡುವುದು, ಎರಡನೆಯದು ಆ ಗಡಸನ್ನು ಸ್ವಲ್ಪ ಇಳಿಸುವುದು. ಮನೆಯಲ್ಲಿ ಮಾಡುವವರು ಎರಡನೆಯದನ್ನು ಬಿಟ್ಟುಬಿಡುತ್ತಾರೆ. ಮಚ್ಚು ಚೂರಾಗುವುದು ಆಗಲೇ. ಹಾರಿದ ಚೂರು ಪಕ್ಕದಲ್ಲಿ ನಿಂತವರ ಕಣ್ಣಿಗೂ ಬೀಳಬಹುದು.

ಮೊದಲು ಅಲಗನ್ನು ಎರಡು ಮೂರು ಸಲ ಕೆಂಪಗೆ ಕಾಯಿಸಿ ಗಾಳಿಯಲ್ಲೇ ಆರಲು ಬಿಡಬೇಕು. ಬಡಿದಾಗ ಒಳಗೆ ಉಳಿದ ಬಿಗಿ ಇದರಿಂದ ಸಡಿಲವಾಗುತ್ತದೆ. ಆಮೇಲೆ ಅದ್ದಲು ಕಾಯಿಸುವಾಗ ಹಗ್ಗಕ್ಕೆ ಕಟ್ಟಿದ ಅಯಸ್ಕಾಂತವನ್ನು ಆಗಾಗ ಸೋಕಿಸಿ ನೋಡಿ. ಸುಮಾರು 770 ಡಿಗ್ರಿಯಲ್ಲಿ ಉಕ್ಕು ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಅಲ್ಲಿಂದ ಇನ್ನೂ ಸ್ವಲ್ಪ, ಅಂದರೆ 830ರಿಂದ 860 ಡಿಗ್ರಿವರೆಗೆ, ಕೆಂಪು ಕಿತ್ತಳೆಗೆ ತಿರುಗುವಷ್ಟು ಕಾಯಿಸಬೇಕು. ಬಣ್ಣವನ್ನು ನೆರಳಿನಲ್ಲಿ ನೋಡಬೇಕು. ಬಿಸಿಲಿನಲ್ಲಿ ಕಣ್ಣು ಮೋಸಹೋಗುತ್ತದೆ. ಕುಲುಮೆಯ ಗುಡಿಸಲು ಮಬ್ಬಾಗಿದ್ದುದರ ಪ್ರಯೋಜನ ಇದು.

ಸ್ಪ್ರಿಂಗು ಉಕ್ಕನ್ನು ಎಣ್ಣೆಯಲ್ಲಿ ಅದ್ದುವುದು ಸರಿಯಾದ ಕ್ರಮ. ಪೂರ್ತಿ ಅಲಗನ್ನು ತಣ್ಣೀರಿಗೆ ಹಾಕಿದರೆ ‘ಟಣ್’ ಎಂದು ಸೀಳುವ ಸಂಭವ ಹೆಚ್ಚು. ಹೊಂಗೆ ಎಣ್ಣೆ ಅಥವಾ ಕಡಲೇಕಾಯಿ ಎಣ್ಣೆಯನ್ನು ಕಬ್ಬಿಣದ ಡಬ್ಬದಲ್ಲಿ ಕೈಗೆ ಬಿಸಿ ತಾಗುವಷ್ಟು ಬೆಚ್ಚಗೆ ಮಾಡಿಕೊಂಡು, ಅಲಗನ್ನು ನೆಟ್ಟಗೆ ಇಳಿಸಬೇಕು. ಅಡ್ಡಡ್ಡ ಆಡಿಸಿದರೆ ಸೊಟ್ಟಗಾಗುತ್ತದೆ. ಎಣ್ಣೆಗೆ ಬೆಂಕಿ ಹತ್ತಿಕೊಳ್ಳಬಹುದು. ಡಬ್ಬಕ್ಕೆ ಮುಚ್ಚಳವೂ ಪಕ್ಕದಲ್ಲಿ ಮರಳೂ ಸಿದ್ಧವಿರಲಿ, ನೀರು ಸುರಿಯಬಾರದು. ಆರಿದ ಮೇಲೆ ಬಾಯಿಗೆ ಅರ ಹಾಕಿ ನೋಡಿದರೆ ಅರ ಕಚ್ಚದೆ ಜಾರಬೇಕು.

ತಡಮಾಡದೆ ಎರಡನೆಯ ಹಂತಕ್ಕೆ ಹೋಗಬೇಕು. ಅಲಗನ್ನು ಕಲ್ಲಿನಿಂದ ಉಜ್ಜಿ ಹೊಳಪು ಬರಿಸಿ, ಕಾಯ್ದ ದಪ್ಪ ಕಬ್ಬಿಣದ ಮೇಲೆ ಬೆನ್ನನ್ನು ಇಟ್ಟರೆ ಬಣ್ಣಗಳು ಬೆನ್ನಿನಿಂದ ಬಾಯಿಯ ಕಡೆಗೆ ಹರಿಯುವುದು ಕಾಣುತ್ತದೆ. ಒಣಹುಲ್ಲಿನ ತೆಳು ಹಳದಿ ಎಂದರೆ ಸುಮಾರು 220 ಡಿಗ್ರಿ. ಇದು ಅಡುಗೆ ಚಾಕುವಿಗೆ ಸರಿ. ಕಂದು ಬಣ್ಣ ಸುಮಾರು 255, ನೇರಳೆ ಸುಮಾರು 275. ಸೌದೆ, ತೆಂಗಿನ ಗರಿ ಕಡಿಯುವ ಮಚ್ಚಿಗೆ ಬಾಯಿಯಲ್ಲಿ ಕಂದು ಕಳೆದು ನೇರಳೆ ಬರುವ ಹೊತ್ತಿಗೆ ನೀರಿನಲ್ಲಿ ಅದ್ದಿ ನಿಲ್ಲಿಸಬೇಕು. ಬೆನ್ನು ನೀಲಿಯಾಗಿದ್ದರೆ ಒಳ್ಳೆಯದೇ, ಪೆಟ್ಟು ತಾಳುತ್ತದೆ.

ಹಳೆಯ ಕಮ್ಮಾರರು ಇದನ್ನೆಲ್ಲ ಒಂದೇ ಕಾವಿನಲ್ಲಿ ಮಾಡುತ್ತಿದ್ದರು. ಬಾಯನ್ನು ಮಾತ್ರ ಒಂದು ಕ್ಷಣ ನೀರಿಗೆ ತಾಗಿಸಿ, ಮೇಲೆತ್ತಿ ಕಲ್ಲಿನಲ್ಲಿ ಉಜ್ಜಿ, ಬೆನ್ನಿನ ಉಳಿದ ಕಾವು ಬಾಯಿಗೆ ಇಳಿದು ಬಣ್ಣ ಬರುವುದನ್ನು ಕಾದು ಮತ್ತೆ ಅದ್ದುತ್ತಿದ್ದರು. ನೋಡಲು ಸುಲಭ, ಕೈಗೆ ಬರಲು ವರ್ಷಗಳೇ ಬೇಕು. ಆದ್ದರಿಂದ ನಮ್ಮ ಸಲಹೆ: ಆಕಾರವನ್ನು ಮನೆಯಲ್ಲಿ ಕೊಟ್ಟು, ಹದಕ್ಕೆ ಮಾತ್ರ ಅನುಭವಿ ಕಮ್ಮಾರರ ಬಳಿ ಅಥವಾ ಪೀಣ್ಯದಂಥ ಕಡೆ ಇರುವ ಹದ ಹಾಕುವ ಘಟಕಕ್ಕೆ ಒಯ್ಯುವುದರಲ್ಲಿ ಸಂಕೋಚ ಬೇಡ. ಒಯ್ಯುವಾಗ ಉಕ್ಕು ಯಾವ ವಸ್ತುವಿನದೆಂದು ತಪ್ಪದೆ ತಿಳಿಸಬೇಕು.

ಹದವಾದ ಅಲಗಿಗೆ ಬಾಯಿ ತೆಗೆಯುವಾಗ ಬೆರಳಿಗೆ ಬಿಸಿ ತಾಗಿದೊಡನೆ ನೀರಿಗೆ ಅದ್ದಬೇಕು. ಸಾಣೆ ಯಂತ್ರದಲ್ಲಿ ಬಾಯಿ ನೀಲಿಯಾಯಿತೆಂದರೆ ಅಷ್ಟು ಭಾಗದ ಹದ ಹೋಯಿತೆಂದೇ ಲೆಕ್ಕ. ಹಿಡಿಗೆ ಒಣಗಿದ ಕರಿಜಾಲಿ ಮರ ಒಳ್ಳೆಯದು. ಹಸಿ ಮರದ ಹಿಡಿ ಬೇಸಿಗೆಯಲ್ಲಿ ಸಡಿಲವಾಗುತ್ತದೆ. ಬಾಲವನ್ನು ಅರಗಿನಲ್ಲಿ ಕೂರಿಸಿ, ಹಿಡಿಯ ಬಾಯಿಗೆ ಕಬ್ಬಿಣದ ಬಳೆ ತೊಡಿಸಬೇಕು.

ಕಾನೂನಿನ ಮಾತೊಂದು ಉಳಿದಿದೆ. ಆಯುಧ ನಿಯಮಗಳು 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗುಗಳನ್ನು ಹೆಸರಿಸುತ್ತವಾದರೂ, ಬೇಸಾಯಕ್ಕೆ ಮತ್ತು ಮನೆಬಳಕೆಗೆ ಮಾಡಿದವನ್ನು ಹೊರತುಪಡಿಸಿವೆ. ಹಾಗೆಂದು ಕತ್ತಿ, ಕಠಾರಿಗಳ ಆಕಾರದಲ್ಲಿ ಮಾಡಲು ಹೋಗಬಾರದು. ಬೆಂಗಳೂರಿನಿಂದ ಊರಿಗೆ ಬಸ್ಸಿನಲ್ಲಿ ಒಯ್ಯುವಾಗ ಬಾಯಿಗೆ ಅಡಿಕೆ ಹಾಳೆ ಸುತ್ತಿ, ಗೋಣಿಯಲ್ಲಿ ಕಟ್ಟಿ, ಚೀಲದ ತಳದಲ್ಲಿಡಿ.