ಮರದ ಚಕ್ಕೆಗೆ ಬೆಲೆ ಕಟ್ಟುವ ಬಗೆ

ಒಂದು ಸರಕನ್ನು ಉತ್ಪಾದಿಸುವಾಗ ಅದರೊಡನೆ ಇನ್ನೊಂದು ತಾನಾಗಿಯೇ ಹುಟ್ಟಿದರೆ ಅದನ್ನು ಅರ್ಥಶಾಸ್ತ್ರಜ್ಞರು ಜಂಟಿ ಪೂರೈಕೆ ಎನ್ನುತ್ತಾರೆ. 1890ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಮಾರ್ಷಲ್ಲನು ಇದನ್ನು ವಿವರಿಸಿದ್ದಾನೆ. ಕುರಿಯ ಮಾಂಸ ಮತ್ತು ಉಣ್ಣೆಯ ಉದಾಹರಣೆಯನ್ನು ನಾವೆಲ್ಲರೂ ಬಾಯಿಪಾಠ ಮಾಡಿದ್ದೇವೆ. ಆದರೆ ಕುರಿಯನ್ನು ಹುಡುಕಿಕೊಂಡು ಇಂಗ್ಲೆಂಡಿಗೆ ಹೋಗಬೇಕಾಗಿಲ್ಲ; ನಮ್ಮ ಮಲೆನಾಡಿನ ಕಾಫಿ ತೋಟಗಳಲ್ಲಿ ನಡೆಯುವ ಮರಗಸಿಯೇ ಸಾಕು.

ಮಳೆಗಾಲಕ್ಕೆ ಮುಂಚೆ ನೆರಳಿನ ಮರಗಳ ಕೊಂಬೆಗಳನ್ನು ಸವರಿ ಗಿಡಗಳಿಗೆ ಬೆಳಕು ಬಿಡುವುದೇ ಮರಗಸಿಯ ಉದ್ದೇಶ. ಮರವೇರುವವನ ಕೂಲಿ ಕಾಫಿಯ ಲೆಕ್ಕಕ್ಕೆ ಸೇರುತ್ತದೆ. ದಪ್ಪ ಕೊಂಬೆಗಳು ಸೌದೆಯಾಗುತ್ತವೆ. ಉಳಿದ ಸಣ್ಣ ಕೊಂಬೆಗಳನ್ನು ಯಂತ್ರಕ್ಕೆ ಕೊಟ್ಟರೆ ಚಕ್ಕೆಯಾಗಿ ಹೊರಬರುತ್ತವೆ. ಆದ್ದರಿಂದ ಚಕ್ಕೆಯ ಮೇಲೆ ಬೀಳುವ ಖರ್ಚು ಯಂತ್ರದ್ದು ಮತ್ತು ಸಾಗಣೆಯದು ಮಾತ್ರ. ಹಾಗೆಂದು ಅದನ್ನು ‘ಹೇಗೂ ಬಿಟ್ಟಿ ಬಂದದ್ದು’ ಎಂದು ಕೇಳಿದ ಬೆಲೆಗೆ ಕೊಟ್ಟುಬಿಡುವುದು ಜಾಣತನವಲ್ಲ.

ಸಾಗಣೆಯ ಮಾತನ್ನು ಮೊದಲು ನೋಡೋಣ. ಒಂದು ಘನ ಮೀಟರು ಗಟ್ಟಿ ಮರವನ್ನು ಚಕ್ಕೆ ಮಾಡಿದರೆ ಸುಮಾರು ಎರಡೂವರೆಯಿಂದ ಮೂರು ಘನ ಮೀಟರು ಜಾಗ ಹಿಡಿಯುತ್ತದೆ. ಲಾರಿ ತುಂಬಿದಂತೆ ಕಂಡರೂ ಹೊರೆ ಹಗುರ. ಬಾಡಿಗೆ ಮಾತ್ರ ಪೂರ್ತಿ. ಆದುದರಿಂದ ಚಕ್ಕೆಗೆ ಗಿರಾಕಿ ಹತ್ತಿರದಲ್ಲಿಯೇ ಇರಬೇಕು. ಅಳತೆಯ ಮೇಲೆ ಮಾರುವುದಾದರೆ ಅಳೆಯುವುದು ಎಲ್ಲಿ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ದಾರಿಯ ಕುಲುಕಾಟಕ್ಕೆ ಚಕ್ಕೆ ಕುಸಿದು ಕೂರುತ್ತದೆ. ತೋಟದ ಬಾಗಿಲಲ್ಲಿ ತುಂಬಿ ತುಳುಕಿದ ಲಾರಿ ಕಾರ್ಖಾನೆಯ ಬಾಗಿಲಲ್ಲಿ ಕೊರತೆಯಾಗಿ ಕಾಣುವುದರಿಂದಲೇ ಜಗಳಗಳು ಹುಟ್ಟುತ್ತವೆ.

ತೂಕದ ಮೇಲೆ ಮಾರಿದರೆ ಜಗಳ ತಪ್ಪುವುದೇ? ಇಲ್ಲ, ಅಲ್ಲಿ ನೀರು ಅಡ್ಡ ಬರುತ್ತದೆ. ಹಸಿ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ನೀರೇ. ಸಾವಿರ ಕಿಲೋ ಹಸಿ ಚಕ್ಕೆಯಲ್ಲಿ 500 ಕಿಲೋ ನೀರು, 500 ಕಿಲೋ ಮರ ಎಂದಿಟ್ಟುಕೊಳ್ಳೋಣ. ಅದನ್ನು ನೂರಕ್ಕೆ 20 ಭಾಗ ತೇವ ಉಳಿಯುವಂತೆ ಒಣಗಿಸಿದರೆ ತೂಕ 625 ಕಿಲೋಗೆ ಇಳಿಯುತ್ತದೆ. ಹಸಿಯದಕ್ಕೆ ಟನ್ನಿಗೆ 2,000 ರೂಪಾಯಿ ಎಂದು ಲೆಕ್ಕಕ್ಕೆ ಹಿಡಿದರೆ, ಒಣಗಿದ್ದನ್ನು ಟನ್ನಿಗೆ 3,200 ರೂಪಾಯಿಗೆ ಮಾರಿದಾಗ ಮಾತ್ರ ಅದೇ ಹಣ ಕೈಗೆ ಬರುತ್ತದೆ. ಇದಕ್ಕಿಂತ ಕಡಿಮೆಗೆ ಕೊಟ್ಟ ರೈತನು ಒಣಗಿಸಿದ ಶ್ರಮವನ್ನೂ ದಾನ ಮಾಡಿದಂತೆಯೇ.

ಕೊಳ್ಳುವವನ ಕಡೆಯಿಂದಲೂ ನೋಡಬೇಕಷ್ಟೆ. ಬಾಯ್ಲರಿಗೆ ಬೇಕಾದುದು ಶಾಖ. ಹಸಿ ಚಕ್ಕೆಯ ಬೆಂಕಿಯಲ್ಲಿ ಒಂದಂಶ ನೀರನ್ನು ಆವಿ ಮಾಡುವುದರಲ್ಲಿಯೇ ಕಳೆದುಹೋಗುತ್ತದೆ. ಅರ್ಧ ನೀರಿರುವ ಚಕ್ಕೆಯ ಒಂದು ಕಿಲೋ ಸುಮಾರು 1,900 ಕಿಲೋ ಕ್ಯಾಲೊರಿ ಕೊಟ್ಟರೆ, 20 ಭಾಗ ತೇವದ್ದು ಸುಮಾರು 3,400 ಕೊಡುತ್ತದೆ. ಶಾಖದ ಲೆಕ್ಕದಲ್ಲಿ ನೋಡಿದರೆ ಒಣ ಚಕ್ಕೆಗೆ ಟನ್ನಿಗೆ 3,500 ರೂಪಾಯಿ ತೆತ್ತರೂ ಅವನಿಗೆ ನಷ್ಟವಿಲ್ಲ. ಚೌಕಾಸಿ ನಡೆಯಬೇಕಾದುದು ಈ 3,200ಕ್ಕೂ 3,500ಕ್ಕೂ ನಡುವೆ. ಆದರೆ ಹಸಿ ಚಕ್ಕೆಯನ್ನು ದೊಡ್ಡ ರಾಶಿ ಹಾಕಿ ಮರೆತರೆ ಸೂಕ್ಷ್ಮಜೀವಿಗಳ ಕೆಲಸದಿಂದ ಅದು ಒಳಗೇ ಕಾವೇರಿ ಮರದ ಅಂಶ ಕರಗುತ್ತದೆ. ಕೆಲವೊಮ್ಮೆ ಬೆಂಕಿಯೂ ಹತ್ತುವುದುಂಟು. ಕೊಂಬೆಗಳನ್ನು ಇಡಿಯಾಗಿ ಒಣಗಿಸಿ ಆಮೇಲೆ ಚಕ್ಕೆ ಮಾಡುವುದೇ ಮೇಲು.

ತೇವವನ್ನು ಅಳೆಯುವುದು ಕಷ್ಟವೇನಲ್ಲ. ಮಾದರಿಯನ್ನು ತೂಗಿ, ಸುಮಾರು 105 ಡಿಗ್ರಿ ಶಾಖದಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ, ಮತ್ತೆ ತೂಗಿದರೆ ಆಯಿತು. ಆದರೆ ಹೋದ ನೀರನ್ನು ಹಸಿ ತೂಕದಿಂದ ಭಾಗಿಸಿದರೆ ನೂರಕ್ಕೆ 50 ಬರುವ ಕಡೆ, ಒಣ ತೂಕದಿಂದ ಭಾಗಿಸಿದರೆ ನೂರಕ್ಕೆ ನೂರು ಬರುತ್ತದೆ! ಯಾವ ಲೆಕ್ಕವೆಂಬುದನ್ನು ಕರಾರಿನಲ್ಲಿ ಬರೆಸಿಕೊಳ್ಳದವನು ಮೋಸಹೋದರೆ ಆಶ್ಚರ್ಯವಿಲ್ಲ.

ಎಲ್ಲವನ್ನೂ ಮಾರಲೂಬಾರದು. ಮರದ ತಿರುಳಿಗಿಂತ ಎಲೆ, ಎಳೆ ರೆಂಬೆಗಳಲ್ಲಿ ಗೊಬ್ಬರದ ಸತ್ವ ಹೆಚ್ಚು. ಬಾಯ್ಲರಿಗಾದರೋ ಅವು ಬರಿಯ ಬೂದಿ. ಅವನ್ನು ತೋಟಕ್ಕೇ ಬಿಡುವುದು ಇಬ್ಬರಿಗೂ ಲಾಭ. ಚಕ್ಕೆಯನ್ನೇ ತೋಟಕ್ಕೆ ಹಾಕುವುದಾದರೆ ನೆಲದ ಮೇಲೆ ಹೊದಿಕೆಯಾಗಿ ಹರಡಬೇಕು. ಮಣ್ಣಿನೊಳಗೆ ಬೆರೆಸಿದರೆ ಅದು ಕೊಳೆಯುವಾಗ ಗಿಡಕ್ಕೆ ಬೇಕಾದ ಸಾರಜನಕವನ್ನು ಕೆಲಕಾಲ ಹಿಡಿದಿಟ್ಟುಕೊಳ್ಳುತ್ತದೆ.